ಅಡ್ಡಹೆಸರಿನಲ್ಲಿ ಉಳಿದ ಊರು

ತಿಕೋಟಾ ತಾಲೂಕಿನ ಘೋಣಸಗಿಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಮನೆತನಕ್ಕೆ ‘ಘೋಣಸಗಿ’ ಎಂಬ ಅಡ್ಡಹೆಸರು ಬರುವ ಕಾರಣವಿಲ್ಲ. ಅಲ್ಲಿ ಇರುವವರೆಲ್ಲರೂ ಘೋಣಸಗಿಯವರೇ ಆದುದರಿಂದ ಆ ಹೆಸರು ಯಾರನ್ನೂ ಬೇರ್ಪಡಿಸಿ ತೋರಿಸಲಾರದು. ಅದೇ ಮನೆತನದ ಒಂದು ಕವಲು ಹೊಟ್ಟೆಪಾಡಿಗಾಗಿಯೋ, ದಾಯಾದಿಗಳ ಜಗಳದಿಂದಲೋ, ಬರದ ಬೇಗೆಯಿಂದಲೋ ಊರನ್ನು ಬಿಟ್ಟು ಮತ್ತೊಂದೆಡೆ ಮನೆ ಹೂಡಿದಾಗ, ಅಲ್ಲಿನ ನೆರೆಯವರು ಅವರನ್ನು ‘ಘೋಣಸಗಿಯವರು’ ಎಂದು ಕರೆಯತೊಡಗುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ‘ಅವರು’ ಎಂಬುದು ಬಿದ್ದುಹೋಗಿ ಊರ ಹೆಸರೇ ಅಡ್ಡಹೆಸರಾಗಿ ನಿಲ್ಲುತ್ತದೆ. ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಊರ ಹೆಸರಿನ ಅಡ್ಡಹೆಸರು ಹೇಳುವುದು ಒಂದು ಮನೆತನ ಇರುವ ಊರನ್ನಲ್ಲ, ಅದು ಬಿಟ್ಟು ಬಂದ ಊರನ್ನು. ತಮ್ಮ ಹಿರಿಯರ ಮೂಲವನ್ನು ಅರಸ ಹೊರಟವರಿಗೆ ಈ ಒಂದು ಮಾತೇ ಮೊದಲ ಕೀಲಿಕೈ.

ಇದಕ್ಕೆ ಈ ಜಿಲ್ಲೆಯ ಸಾಹಿತ್ಯ ಚರಿತ್ರೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಕವಿ ಮಧುರಚೆನ್ನರು (1903-1953) ‘ಹಲಸಂಗಿಯ ಮಧುರಚೆನ್ನ’ರೆಂದೇ ನಾಡಿಗೆಲ್ಲ ಪರಿಚಿತರು. ಅವರ ಮನೆಯ ಹೆಸರು ಚೆನ್ನಮಲ್ಲಪ್ಪ ಗಲಗಲಿ. ಹುಟ್ಟಿದ್ದು ಹಲಸಂಗಿಗೆ ಸಮೀಪದ ಲೋಣಿಯಲ್ಲಿ, ಬಾಳಿದ್ದು ಹಲಸಂಗಿಯಲ್ಲಿ, ಅಡ್ಡಹೆಸರಿನಲ್ಲಿ ಉಳಿದದ್ದು ಮಾತ್ರ ಬಹುದೂರದ, ಕೃಷ್ಣಾ ತೀರದ ಗಲಗಲಿ. ಒಬ್ಬನೇ ವ್ಯಕ್ತಿಗೆ ಮೂರು ಊರುಗಳು, ಮೂರೂ ನಿಜವಾದವುಗಳು. ಯಾವ ಊರು ಯಾವ ದಾಖಲೆಯಲ್ಲಿ ದೊರೆಯುತ್ತದೆ ಎಂಬುದನ್ನು ಅರಿತವನಿಗೆ ದಾರಿ ಸುಲಭ. ಅರಿಯದವನು ಹಲಸಂಗಿಯ ದಫ್ತರದಲ್ಲಿ ಗಲಗಲಿಯ ಹಿರಿಯರನ್ನು ಹುಡುಕುತ್ತ ಕೂಡುತ್ತಾನೆ.

ಎಲ್ಲ ಅಡ್ಡಹೆಸರುಗಳೂ ಇಷ್ಟು ಉದಾರವಾಗಿರುವುದಿಲ್ಲ. ಮಧುರಚೆನ್ನರ ಒಡನಾಡಿಗಳಾದ ಸಿಂಪಿ ಲಿಂಗಣ್ಣನವರ ಹೆಸರಿನಲ್ಲಿರುವ ‘ಸಿಂಪಿ’ಯು ಹೊಲಿಗೆಯ ಕಾಯಕವನ್ನು ಹೇಳುತ್ತದೆಯೇ ಹೊರತು ಊರನ್ನು ಹೇಳದು. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲಿಕಾರ ಮುಂತಾದವು ವತನದ ಹೆಸರುಗಳು. ಪಾಟೀಲನಿಲ್ಲದ ಊರೇ ಇಲ್ಲವಾದ್ದರಿಂದ, ಆ ಹೆಸರೊಂದನ್ನೇ ಹಿಡಿದು ಹೊರಟರೆ ಇಡೀ ಮುಂಬಯಿ ಕರ್ನಾಟಕವನ್ನು ಸುತ್ತಬೇಕಾದೀತು. ಹಿರೇಮಠ, ಮಠಪತಿ, ಗಣಾಚಾರಿ ಎಂಬವುಗಳ ಸ್ಥಿತಿಯೂ ಅಷ್ಟೇ. ಇಂತಹ ಮನೆತನದವರು ಅಡ್ಡಹೆಸರನ್ನು ಬದಿಗಿಟ್ಟು, ತಮ್ಮ ಬೆಡಗು ಯಾವುದು, ಮನೆದೇವರು ಎಲ್ಲಿಯದು, ಗುರುಮನೆ ಯಾವ ಮಠ ಎಂಬ ಮೂರು ಪ್ರಶ್ನೆಗಳಿಗೆ ಮನೆಯ ವೃದ್ಧರಿಂದ ಉತ್ತರ ಪಡೆಯಬೇಕು. ಮನೆದೇವರು ಸಾಮಾನ್ಯವಾಗಿ ಮನೆಯೊಡನೆ ಊರು ಬದಲಾಯಿಸುವುದಿಲ್ಲ. ಮೂವತ್ತು ಹರದಾರಿ ದೂರದ ಜಾತ್ರೆಗೆ ವರ್ಷವರ್ಷವೂ ಕಾಯಿ ಒಡೆಯಲು ಹೋಗುವ ಕುಟುಂಬಕ್ಕೆ, ಆ ಜಾತ್ರೆಯ ಆಸುಪಾಸಿನಲ್ಲಿ ಎಂದೋ ಒಂದು ಮನೆಯಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಊರ ಹೆಸರು ದೊರೆತ ಮೇಲೆ, ಅದನ್ನು ದಾಖಲೆಗಳಲ್ಲಿ ಗುರುತಿಸುವುದು ಎರಡನೆಯ ಕೆಲಸ. ಹೆಸರುಗಳು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯನ್ನು ನೋಡಬಹುದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದಲ್ಲಿ ಈ ಊರು ‘ಪಾವಿಟ್ಟಗೆ’. ಅಲ್ಲಿ ಕೃಷ್ಣನ ಮಂತ್ರಿ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ದೂರದೂರದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಅವರ ವಸತಿಗಾಗಿ 27 ಮನೆಗಳನ್ನು ಬಿಡಲಾಯಿತು. ಆ ಶಾಲೆಯ ಖ್ಯಾತಿಯಿಂದ ‘ಶಾಲಾಪಾವಿಟ್ಟಗೆ’ಯಾದ ಊರು ಜನರ ನಾಲಗೆಯಲ್ಲಿ ಸವೆದು ಸಾಲೋಟಗಿಯಾಯಿತು. ಶಾಲೆ ಹೋಗಿ ಸಾವಿರ ವರ್ಷವಾದರೂ ಊರ ಹೆಸರಿನ ತಲೆಯ ಮೇಲೆ ಅದು ಇಂದಿಗೂ ಕುಳಿತಿದೆ. ವಿದ್ಯಾಸಂಸ್ಥೆಯೊಂದರ ಹಿತಚಿಂತಕರಿಗೆ ಇದು ಸಂತೋಷದ ಸಂಗತಿಯೇ ಸರಿ.

ಪದಾಂತ್ಯದ ‘ಗೆ’ಯು ‘ಗಿ’ಯಾದುದು ಇಲ್ಲಿ ಗಮನಾರ್ಹ. ‘ಮನೆ’ಯನ್ನು ‘ಮನಿ’ ಎನ್ನುವ ಸೀಮೆಯಲ್ಲಿ ಇದು ಸಹಜವಾದ ಮಾರ್ಪಾಡು. ಬಿಜ್ಜರಗಿ, ಅರ್ಜುಣಗಿ, ಘೋಣಸಗಿಗಳ ಹಳೆಯ ರೂಪಗಳನ್ನು ಶಾಸನಗಳಲ್ಲಿ ಅರಸುವವರು ‘ಗೆ’ಕಾರಾಂತವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆದರೆ ಹೆಸರಿನ ಅರ್ಥವನ್ನು ಹೇಳುವ ಆತುರ ಮಾತ್ರ ಬೇಡ. ‘ಘೋಣಸ’ವೆಂದರೆ ಮರಾಠಿಯಲ್ಲಿ ಕೊಳಕುಮಂಡಲದ ಹಾವು, ಅಷ್ಟರಿಂದಲೇ ಘೋಣಸಗಿಯನ್ನು ಹಾವುಗಳ ಊರೆಂದು ನಿರ್ಣಯಿಸುವುದು ಬಾಲಿಶವಾದೀತು. ಇಂತಹ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಹುಟ್ಟುತ್ತವೆ, ಕಿವಿಗೆ ಇಂಪಾಗಿಯೂ ಇರುತ್ತವೆ. ಹಿರಿಯರನ್ನು ಹುಡುಕುವ ಕೆಲಸಕ್ಕೆ ಅವುಗಳಿಂದ ಕಾಸಿನ ಪ್ರಯೋಜನವಿಲ್ಲ. ಬೇಕಾದದ್ದು ಹೆಸರಿನ ಅರ್ಥವಲ್ಲ, ಅದರ ರೂಪಾಂತರಗಳ ಪಟ್ಟಿ.

ಈ ಪಟ್ಟಿ ಏಕೆ ಬೇಕೆಂಬುದು ಹಳೆಯ ಕಾಗದಗಳನ್ನು ಕೈಗೆತ್ತಿಕೊಂಡೊಡನೆ ತಿಳಿಯುತ್ತದೆ. ಮರಾಠರ ಆಡಳಿತದ ಕಾಗದಗಳು ಮೋಡಿ ಲಿಪಿಯಲ್ಲಿವೆ. ಆ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದವನ್ನು ಸಾಮಾನ್ಯವಾಗಿ ಪಾಲಿಸುತ್ತಿರಲಿಲ್ಲ. ಕನ್ನಡದ ಎ-ಏ, ಒ-ಓಗಳನ್ನು ಬೇರ್ಪಡಿಸುವ ಸೌಕರ್ಯವಂತೂ ಅದಕ್ಕಿಲ್ಲ. ಮುಂದೆ ಇಂಗ್ಲಿಷ್ ಅಧಿಕಾರಿಗಳು ತಮ್ಮ ಕಿವಿಗೆ ಬಿದ್ದಂತೆ ಹೆಸರುಗಳನ್ನು ಬರೆದರು. ಜಿಲ್ಲೆಯ ಹೆಸರೇ ವಿಜಯಪುರ, ವಿಜಾಪುರ, ಬಿಜಾಪುರ ಎಂದು ಮೂರು ರೂಪಗಳಲ್ಲಿ ತಿರುಗಿ, 2014ರ ನವೆಂಬರ್ 1ರಂದು ಮತ್ತೆ ವಿಜಯಪುರವಾಗಿ ನಿಂತಿತು. ಇನ್ನು ಜನರ ಬಾಯಲ್ಲಿಯ ‘ಹಿರೇ’, ‘ಚಿಕ್ಕ’ಗಳು ಸರಕಾರಿ ಕಾಗದದಲ್ಲಿ ‘ಬುದ್ರುಕ’, ‘ಖುರ್ದ’ಗಳಾಗುತ್ತವೆ. ಮೊದಲನೆಯದು ಪಾರಸಿಯ ‘ಬುಜುರ್ಗ’, ಅಂದರೆ ದೊಡ್ಡದು. ಎರಡನೆಯದಕ್ಕೆ ಚಿಕ್ಕದು ಎಂದರ್ಥ. ಇವೇ ಇಂದು ‘ಬಿ.ಕೆ.’, ‘ಕೆ.ಡಿ.’ ಎಂಬ ಬಾಲಗಳಾಗಿ ಉಳಿದಿವೆ. ಲೋಣಿ ಬಿ.ಕೆ., ಲೋಣಿ ಕೆ.ಡಿ. ಎಂದು ಫಲಕಗಳಲ್ಲಿ ಓದುವವರಿಗೆ ಅವು ಒಂದು ಕಾಲದ ಹಿರಿದು ಕಿರಿದುಗಳೆಂಬುದು ಹೊಳೆಯುವುದೇ ಕಷ್ಟ. ಒಂದೇ ಹೆಸರಿನ ಎರಡು ಊರುಗಳಿರುವಲ್ಲಿ ಈ ಬಾಲವನ್ನು ಮರೆತವರ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಊರ ಹೆಸರನ್ನು ಹಿಡಿದು ವಂಶವನ್ನು ಹುಡುಕುವ ಈ ಅಭ್ಯಾಸವು ಕೆಲವು ದೇಶಗಳಲ್ಲಿ ಶಾಸ್ತ್ರವೆನ್ನುವಷ್ಟು ಬೆಳೆದಿದೆ. ಅವುಗಳಲ್ಲಿ ಐರ್ಲೆಂಡ್ ದೇಶದ ಸಂಗತಿ ನಮ್ಮವರು ತಿಳಿಯತಕ್ಕದ್ದು. 1845ರಿಂದ ಕೆಲವು ವರ್ಷ ಅಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಅಮೆರಿಕ ಮುಂತಾದ ಕಡೆಗೆ ದೇಶಾಂತರ ಹೋದರು. ಹೋದವರ ಮೊಮ್ಮಕ್ಕಳು ಮರಳಿ ಬಂದು ಹಿರಿಯರ ಮನೆ ಯಾವುದೆಂದು ಕೇಳಿದಾಗ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ಸರಕಾರಿ ದಫ್ತರಖಾನೆಯು ಬೆಂಕಿಗೆ ಆಹುತಿಯಾಗಿ, 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುಪಾಲು ಬೂದಿಯಾಗಿದ್ದವು. ಉಳಿದ ಆಧಾರಗಳೆಂದರೆ ಮುಖ್ಯವಾಗಿ ಮೂರು. ನಮ್ಮ ಮಜರೆ ಗ್ರಾಮಗಳಂತಹ, ‘ಟೌನ್‌ಲ್ಯಾಂಡ್’ ಎಂಬ ಸುಮಾರು 60,000 ಚಿಕ್ಕ ನೆಲವಿಭಾಗಗಳ ಹೆಸರುಗಳು. 1847ರಿಂದ 1864ರವರೆಗೆ ಗ್ರಿಫಿತ್ ಎಂಬ ಅಧಿಕಾರಿ ಮನೆಮನೆಯ ಭೂಮಿಗೆ ಬೆಲೆ ಕಟ್ಟಿಸಿದ ಪುಸ್ತಕಗಳು. ಪ್ಯಾರಿಷ್ ಎನಿಸುವ ಒಂದೊಂದು ಚರ್ಚಿನ ವ್ಯಾಪ್ತಿಯಲ್ಲಿ ಪಾದ್ರಿಗಳು ಬರೆದಿಟ್ಟ ನಾಮಕರಣ, ಮದುವೆಗಳ ವಹಿಗಳು. ರಾಜಧಾನಿಯ ದಫ್ತರ ಸುಟ್ಟರೂ ಹಳ್ಳಿಯ ಪಾದ್ರಿಯ ಕಪಾಟಿನಲ್ಲಿದ್ದ ವಹಿ ಸುಡಲಿಲ್ಲ. ಅಲ್ಲಿಯೂ ಊರ ಹೆಸರುಗಳು ಇಂಗ್ಲಿಷರ ಲೇಖನಿಯಲ್ಲಿ ಕೆಟ್ಟಿದ್ದವು. 1830ರಿಂದ ಭೂಮಾಪನ ಇಲಾಖೆಯಲ್ಲಿ ದುಡಿದ ಜಾನ್ ಓ'ಡೊನೊವನ್ ಎಂಬ ವಿದ್ವಾಂಸನು ಊರೂರು ಅಲೆದು, ಮುದುಕರ ಬಾಯಿಂದ ಹೆಸರಿನ ನಿಜ ಉಚ್ಚಾರವನ್ನು ಕೇಳಿ ಬರೆದಿಟ್ಟನು. ಅವನ ಟಿಪ್ಪಣಿಗಳು ಇಂದಿಗೂ ಆಧಾರ.

ಪಾದ್ರಿಯ ವಹಿಯಂತಹ ದಾಖಲೆ ನಮ್ಮಲ್ಲಿ ಇಲ್ಲವೆಂದು ನಿಟ್ಟುಸಿರು ಬಿಡುವವರುಂಟು. ಇದು ಅರೆಸತ್ಯ. ನಮ್ಮಲ್ಲಿ ವಹಿಯು ಗುಡಿಯಲ್ಲಾಗಲಿ ಮಠದಲ್ಲಾಗಲಿ ಇರಲಿಲ್ಲ; ಅದು ಎತ್ತಿನ ಬೆನ್ನೇರಿ ಮನೆಬಾಗಿಲಿಗೆ ತಾನಾಗಿ ಬರುತ್ತಿತ್ತು. ಹೆಳವರ ಕುರಿತು ಈ ಮಾತು.

‘ಹೆಳವ’ನೆಂದರೆ ಕುಂಟ. ಶೃಂಗರಿಸಿದ ಎತ್ತಿನ ಮೇಲೆ, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿ, ಗಂಟೆ ಬಾರಿಸುತ್ತ ಬರುವ ಈ ಜನ ಮನೆಯಂಗಳದಲ್ಲಿ ನಿಂತು ಆ ಮನೆಯ ವಂಶವನ್ನು ಹೊಗಳುತ್ತಾರೆ. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ನನು ಬಳ್ಳಾರಿಯ ಹೆಳವರನ್ನು ಕುರಿತು ಬರೆಯುತ್ತ, ಅವರು ಹಳ್ಳಿಗಳ ಚರಿತ್ರೆಯ ರಕ್ಷಕರೆಂದೂ, ಮನೆಮನೆಗೆ ಹೋಗಿ ಆಯಾ ಮನೆತನದ ವೃತ್ತಾಂತವನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುತ್ತಾರೆಂದೂ ದಾಖಲಿಸಿದ್ದಾನೆ. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಮನೆತನ ಎಂಬುದು ವಂಶಪಾರಂಪರ್ಯದ ಹಂಚಿಕೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಗಳಂತೆ ಈ ಮನೆತನಗಳನ್ನೂ ಪಾಲು ಮಾಡಿಕೊಳ್ಳುವುದುಂಟು. ಸುಗ್ಗಿ ಮುಗಿದ ಮೇಲೆ ಅವರ ಸಂಚಾರ. ಕಾಳು, ಬಟ್ಟೆ, ಪಾತ್ರೆ, ಹಣ, ಅನುಕೂಲಸ್ಥರಾದರೆ ಎತ್ತು ಅಥವಾ ಆಕಳು, ಹೀಗೆ ಕಾಣಿಕೆ ಪಡೆದು, ಕಳೆದ ಬಾರಿ ಬಂದುಹೋದ ಮೇಲೆ ಹುಟ್ಟಿದವರ ಹೆಸರನ್ನು ಪುಸ್ತಕದಲ್ಲಿ ಸೇರಿಸಿ ಮುಂದಿನ ಊರಿಗೆ ಸಾಗುತ್ತಾರೆ.

ಹೆಳವನು ಹೇಳುವುದರಲ್ಲಿ ಒಂದು ಕ್ರಮವಿದೆ. ಮೊದಲು ಮನೆತನದ ಬೆಡಗು ಮತ್ತು ಮನೆದೇವರು, ಅನಂತರ ಮೂಲಸ್ಥಳ, ಅಲ್ಲಿಂದ ಎಬ್ಬಿಸಿದ ಕಾರಣ, ನಡುವೆ ತಂಗಿದ ಊರುಗಳು, ಈ ಊರಿಗೆ ಮೊದಲು ಬಂದ ಪುರುಷನ ಹೆಸರು, ಅವನ ಮಕ್ಕಳು, ಕವಲುಗಳು. ಊರ ಹೆಸರುಗಳ ಈ ಸರಪಳಿಯೇ ಹೆಳವರ ಹೇಳಿಕೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ. ಹೊಗಳಿಕೆಯ ಭಾಗವನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಕಾಣಿಕೆ ಕೊಡುವ ಯಜಮಾನನ ಎದುರಿಗೆ ಅವನ ಮುತ್ತಜ್ಜನು ಬರಗಾಲದಲ್ಲಿ ಕೂಲಿಗೆ ಬಂದನೆಂದು ಹೇಳುವ ಧೈರ್ಯ ಯಾವ ಹೆಳವನಿಗೂ ಇರಲಾರದು. ಅರಸನ ಮೇಲೆ ಮುನಿದು ಕುದುರೆ ಏರಿ ಬಂದನೆಂದೇ ಹೇಳುತ್ತಾನೆ. ಆದರೆ ಸುಳ್ಳು ಹೊಗಳಿಕೆಗೆ ಸುಳ್ಳು ಊರು ಬೇಕಾಗಿಲ್ಲ. ಕಾರಣವನ್ನು ಬಣ್ಣಿಸುವಾಗ ಬಾಯಿ ಸಡಿಲವಾದರೂ, ಊರ ಹೆಸರನ್ನು ಹೇಳುವಾಗ ಅವನಿಗೆ ಸುಳ್ಳಾಡಿ ಗಳಿಸುವುದೇನೂ ಇರುವುದಿಲ್ಲ. ಇನ್ನೊಂದು ಕೊರತೆ ಮಾತ್ರ ದೊಡ್ಡದು. ಹೆಳವರ ಪುಸ್ತಕಗಳು ಬಹುಮಟ್ಟಿಗೆ ಗಂಡುಸಂತಾನದ ಪುಸ್ತಕಗಳು. ಮನೆಗೆ ಬಂದ ಸೊಸೆ ಯಾವ ಊರಿನವಳು, ಹೊರಗೆ ಹೋದ ಮಗಳು ಯಾವ ಊರಿಗೆ ಕೊಟ್ಟವಳು ಎಂಬುದು ಅವುಗಳಲ್ಲಿ ಅಪರೂಪ.

ಊರು ಬಿಡಿಸಿದ ಕಾರಣಗಳಲ್ಲಿ ಈ ಸೀಮೆಗೆ ಬರವೇ ಮೊದಲನೆಯದು. 1791-92ರ ಬರವನ್ನು, ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳ ನೆನಪಿನಿಂದ, ಜನರು ಬುರುಡೆಯ ಬರವೆಂದೇ ಹೆಸರಿಸಿದರು. 1876-78ರ ಮಹಾಕ್ಷಾಮದ ಗಾತ್ರವನ್ನು ಜನಗಣತಿಯೇ ಹೇಳುತ್ತದೆ: 1872ರ ಗಣತಿಗೂ 1881ರ ಗಣತಿಗೂ ನಡುವೆ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಯಿತು. ಹೀಗೆ ಕಡಿಮೆಯಾದವರೆಲ್ಲರೂ ಸತ್ತವರಲ್ಲ. ದನಕರುಗಳೊಡನೆ ನಿಜಾಮನ ರಾಜ್ಯದ ಕಡೆಗೆ ಹೋದವರು ಅನೇಕರು. ಕೆಲವರು ಮಳೆಯಾದ ಮೇಲೆ ಮರಳಿದರು, ಕೆಲವರು ಅಲ್ಲಿಯೇ ಉಳಿದು ಹಳೆಯ ಊರನ್ನು ಅಡ್ಡಹೆಸರಾಗಿ ಧರಿಸಿದರು.

ಕೆಲವು ಊರುಗಳಿಗೆ ಮರಳುವವರೇ ಇಲ್ಲದಾಯಿತು. ಕಂದಾಯದ ಭಾಷೆಯಲ್ಲಿ ಇವು ‘ಬೇಚಿರಾಕ್’ ಗ್ರಾಮಗಳು. ಪಾರಸಿಯಲ್ಲಿ ‘ಬೇ ಚಿರಾಗ್’ ಎಂದರೆ ದೀಪವಿಲ್ಲದ್ದು. ದೀಪ ಹಚ್ಚುವ ಒಂದು ಮನೆಯೂ ಇಲ್ಲದ ಊರು ಎಂಬುದನ್ನು ಇದಕ್ಕಿಂತ ಚಿಕ್ಕ ಮಾತಿನಲ್ಲಿ ಹೇಳುವುದು ಅಸಾಧ್ಯ. ಊರು ಹಾಳಾದರೂ ಅದರ ಸೀಮೆ, ನೆಲ, ಸರ್ವೆ ನಂಬರುಗಳು ಹಾಳಾಗಲಿಲ್ಲವಾದ್ದರಿಂದ ಸರಕಾರದ ಪಟ್ಟಿಯಲ್ಲಿ ಅದರ ಹೆಸರು ಉಳಿಯಿತು. ಹೊಲಗಳ ನಡುವಿನ ಒಂದು ದಿನ್ನೆ, ಒಡೆದ ಗಡಿಗೆಯ ಚೂರುಗಳು, ಒಂಟಿಯಾಗಿ ನಿಂತ ಹನುಮಂತದೇವರ ಗುಡಿ, ಶನಿವಾರಕ್ಕೊಮ್ಮೆ ನೆರೆಯೂರಿನಿಂದ ಬಂದು ಎಣ್ಣೆ ಹಾಕುವ ಒಬ್ಬ ಪೂಜಾರಿ, ಇಷ್ಟು ಕಂಡರೆ ಅದೊಂದು ಬೇಚಿರಾಕ್ ಊರಿನ ಸ್ಥಳವೆಂದು ಬಹುಶಃ ಹೇಳಬಹುದು. ತಮ್ಮ ಅಡ್ಡಹೆಸರಿನ ಊರನ್ನು ನಕಾಶೆಯಲ್ಲಿ ಕಾಣದೆ ನಿರಾಶರಾದವರು ತಾಲೂಕಿನ ಬೇಚಿರಾಕ್ ಗ್ರಾಮಗಳ ಪಟ್ಟಿಯನ್ನು ಒಮ್ಮೆ ನೋಡತಕ್ಕದ್ದು. ನಮ್ಮ ಕಾಲದಲ್ಲಿ ಬರದ ಬದಲು ನೀರು ಅದೇ ಕೆಲಸವನ್ನು ಮಾಡಿದೆ. ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ವಿಜಯಪುರ ಬಾಗಲಕೋಟೆ ಜಿಲ್ಲೆಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ಣವಾಗಿಯೋ ಭಾಗಶಃವಾಗಿಯೋ ಮುಳುಗಿದವು. ಪುನರ್ವಸತಿಯ ಊರಿಗೆ ಹಳೆಯ ಹೆಸರನ್ನೇ ಇಟ್ಟಿದ್ದರೂ, ಅಗಸಿ, ಓಣಿ, ಬಾವಿ, ಹೊಲಗಳ ಹೆಸರುಗಳು ಅಲ್ಲಿಗೆ ಬಂದಿಲ್ಲ.

ಹೆಳವನಿಂದ ಊರ ಹೆಸರು, ಪುರುಷನ ಹೆಸರು ದೊರೆತ ಮೇಲೆ ಸರಕಾರಿ ದಫ್ತರದಲ್ಲಿ ಅದನ್ನು ಒರೆಗೆ ಹಚ್ಚಬೇಕು. ಇಲ್ಲಿ ಮೊದಲು ತಿಳಿಯಬೇಕಾದದ್ದು, ಯಾವ ಕಾಲದ ಕಾಗದ ಯಾವ ಆಡಳಿತದ್ದು ಎಂಬುದು. ಘೋಣಸಗಿ ಇಂದು ತಿಕೋಟಾ ತಾಲೂಕಿನಲ್ಲಿದೆ. ಆದರೆ ತಿಕೋಟಾ, ಬಬಲೇಶ್ವರಗಳು ತಾಲೂಕುಗಳೆಂದು 2017ರಲ್ಲಿ ಘೋಷಿತವಾದವು. ಅದಕ್ಕಿಂತ ಹಿಂದಿನ ಕಾಗದವೆಲ್ಲ ವಿಜಾಪುರ ತಾಲೂಕಿನ ಹೆಸರಿನಲ್ಲಿಯೇ ಇರುತ್ತದೆ. 1885ಕ್ಕಿಂತ ಹಿಂದೆ ಹೋದರೆ ಜಿಲ್ಲೆಯ ಕಚೇರಿ ಕಲಾದಗಿಯಲ್ಲಿ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ವಿಜಾಪುರವು ಸಾತಾರೆಯ ಅರಸರಿಗೆ ಸೇರಿ, 1848ರಲ್ಲಿ ಆ ರಾಜ್ಯವು ಬ್ರಿಟಿಷರ ವಶವಾಗುವವರೆಗೆ ಅವರದಾಗಿಯೇ ಇತ್ತು. ಅದಕ್ಕೂ ಹಿಂದಿನ ಮರಾಠರ ಕಾಲದ ಲೆಕ್ಕಪತ್ರಗಳನ್ನು ಪುಣೆಯ ಪೇಶ್ವೆ ದಫ್ತರದಲ್ಲಿ ಅರಸಬೇಕು. ಪಶ್ಚಿಮಕ್ಕೆ ಹತ್ತಿರದಲ್ಲಿಯೇ ಇರುವ ಜತ್ತ ಸೀಮೆಯು 1948ರವರೆಗೆ ಡಫಳೆ ಮನೆತನದ ಬೇರೊಂದು ಸಂಸ್ಥಾನ. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ತಾಲೂಕು. ಈ ಗಡಿಯ ಎರಡೂ ಬದಿಯಲ್ಲಿ ಕನ್ನಡ ಮಾತನಾಡುವ ಬೀಗರೇ ಇದ್ದಾರೆ. ಡೋಣಿ ನದಿ ಜತ್ತದ ನೆಲದಲ್ಲಿ ಹುಟ್ಟಿ ವಿಜಯಪುರದ ನೆಲಕ್ಕೆ ಇಳಿದಂತೆ ಹೆಣ್ಣು ಗಂಡುಗಳ ಕೊಡುಕೊಳೆಯೂ ನಡೆದುಬಂದಿದೆ. ಆದರೆ ಅಜ್ಜನ ಕಾಗದ ಒಂದು ರಾಜ್ಯದಲ್ಲಿ, ಅಜ್ಜಿಯ ಕಾಗದ ಇನ್ನೊಂದರಲ್ಲಿ.

ಬ್ರಿಟಿಷ್ ಕಾಲದ ಕಂದಾಯ ದಾಖಲೆಗಳಲ್ಲಿ ವಂಶಶೋಧಕರಿಗೆ ಎರಡು ಬಗೆಯವು ಮುಖ್ಯ. ಒಂದು, ಇನಾಮುಗಳ ತನಿಖೆಯ ಕಾಗದಗಳು. 1852ರ ಕಾನೂನಿನಂತೆ ನೇಮಕವಾದ ಇನಾಮು ಆಯೋಗವು, ಇನಾಮು ಭೂಮಿ ಉಳ್ಳವರೆಲ್ಲರೂ ತಮ್ಮ ಹಕ್ಕನ್ನು ಸಿದ್ಧಪಡಿಸಬೇಕೆಂದು ಕೇಳಿತು. ಮೂಲ ಇನಾಮುದಾರನಿಂದ ತಮ್ಮವರೆಗಿನ ವಂಶಾವಳಿಯನ್ನು ತೋರಿಸದೆ ಹಕ್ಕು ನಿಲ್ಲುತ್ತಿರಲಿಲ್ಲ. ಹೀಗೆ ಭೂಮಿ ಉಳಿಸಿಕೊಳ್ಳಲು ಬರೆದ ವಂಶಾವಳಿಗಳಲ್ಲಿ ಅನುಕೂಲಕ್ಕೆ ತಕ್ಕಂತೆ ಬಿಟ್ಟ ಕವಲುಗಳೂ ಇರಬಹುದೆಂಬ ಎಚ್ಚರ ಇರಬೇಕು. ಎರಡನೆಯದು, ಇನಾಮು ಇಲ್ಲದ ಸಾಮಾನ್ಯ ರೈತನಿಗೆ ದೊರೆಯುವ ಹಕ್ಕುದಾಖಲೆ. 1903ರ ಮುಂಬಯಿ ಕಾನೂನಿನಿಂದ ಆರಂಭವಾದ ಈ ದಾಖಲೆಯಲ್ಲಿ, ಹೊಲದ ಒಡೆಯನು ಸತ್ತಾಗ ‘ವಾರಸಾ’ ನೋಂದಣಿ ನಡೆಯುತ್ತದೆ: ಸತ್ತವನು ಯಾರು, ಬಿಟ್ಟುಹೋದ ಹೆಂಡತಿ ಮಕ್ಕಳು ಯಾರು, ಅಜ್ಞಾನಿಗಳಿದ್ದರೆ ಪಾಲಕರು ಯಾರು. ಇಂದಿನ ಉತಾರದಿಂದ ಹಿಂದಕ್ಕೆ ಒಂದೊಂದೇ ವಾರಸಾ ನೋಂದಣಿಯನ್ನು ಹಿಡಿದು ನಡೆದರೆ, ನೆಲವನ್ನು ಮಾರದೆ ಉಳಿಸಿಕೊಂಡ ಮನೆತನವು ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಬಲ್ಲದು. ನೆಲವಿಲ್ಲದವರಿಗೆ ಈ ಬಾಗಿಲು ಮುಚ್ಚಿದೆ. ವಂಶದ ಚರಿತ್ರೆ ಉಳ್ಳವರ ಸೊತ್ತೆಂಬ ಕಹಿ ಸತ್ಯವನ್ನು ಇಲ್ಲಿ ಮರೆಮಾಚುವಂತಿಲ್ಲ.

ಈ ಪುಸ್ತಕಗಳನ್ನು ಓದುವಲ್ಲಿ ಎರಡು ಚಿಕ್ಕ ಶಬ್ದಗಳು ದಾರಿ ತೋರುತ್ತವೆ. ‘ಬಿನ್’ ಎಂದರೆ ಮಗ. ‘ಕೋಂ’ ಎಂದರೆ ಹೆಂಡತಿ. ‘ಬಸಪ್ಪ ಬಿನ್ ಮಲ್ಲಪ್ಪ’ ಎಂದಿದ್ದರೆ ಮಲ್ಲಪ್ಪನ ಮಗ ಬಸಪ್ಪ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಈ ಸೀಮೆಯ ರೂಢಿಯಾದ್ದರಿಂದ ಬಸಪ್ಪ ಬಿನ್ ಮಲ್ಲಪ್ಪ, ಮಲ್ಲಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಮಲ್ಲಪ್ಪ ಎಂದು ರಾಟೆ ತಿರುಗುತ್ತಲೇ ಇರುತ್ತದೆ. ವರ್ಷವನ್ನು ನೋಡದೆ ಹೆಸರನ್ನಷ್ಟೇ ನೋಡಿದವನು ಅಜ್ಜನನ್ನೇ ಮೊಮ್ಮಗನೆಂದು ತಿಳಿದು ಎರಡು ತಲೆಮಾರುಗಳನ್ನು ನುಂಗಿಬಿಡುತ್ತಾನೆ. ಆದರೆ ಇದೇ ರೂಢಿಯಿಂದ ಒಂದು ಉಪಕಾರವೂ ಉಂಟು: ದಾಖಲೆ ಹರಿದುಹೋದ ಕಡೆ, ಹಿರಿಯ ಮೊಮ್ಮಗನ ಹೆಸರು ತಿಳಿದಿದ್ದರೆ ಮುತ್ಯಾನ ಹೆಸರು ಏನಿದ್ದೀತೆಂದು ಊಹಿಸಿ ಮುಂದಿನ ಪುಸ್ತಕದಲ್ಲಿ ಹುಡುಕಬಹುದು.

ಹಳ್ಳಿಯ ಜನನ ಮರಣದ ಹಳೆಯ ಪುಸ್ತಕಗಳು ಐರ್ಲೆಂಡಿನ ಪಾದ್ರಿಯ ವಹಿಗೆ ಹತ್ತಿರದವು ಎನಿಸಿದರೂ, ಹೆಸರಿಡುವ ಮುಂಚೆಯೇ ಜನನವನ್ನು ಬರೆಸುತ್ತಿದ್ದ ಕಾರಣ ಅವುಗಳಲ್ಲಿ ಅನೇಕ ವೇಳೆ ಮಗುವಿನ ಹೆಸರು ಇರುವುದಿಲ್ಲ. ಇಂತಹವನಿಗೆ ಗಂಡು, ಇಂತಹವನಿಗೆ ಹೆಣ್ಣು ಎಂದಷ್ಟೇ ಇರುತ್ತದೆ. ಪಾದ್ರಿಯ ವಹಿಗೆ ನಿಜವಾಗಿ ಸರಿಗಟ್ಟುವ ನಮ್ಮ ದಾಖಲೆ ಬೇರೊಂದು ಕಡೆ ಇದೆ. ಅದು ಶಾಲೆಯ ಜನರಲ್ ರಿಜಿಸ್ಟರು.

ಮುಂಬಯಿ ಪ್ರಾಂತದ ಕನ್ನಡ ಶಾಲೆಗಳು ಡೆಪ್ಯುಟಿ ಚನ್ನಬಸಪ್ಪನವರಂತಹ (1834-1881) ಹಿರಿಯರ ದುಡಿಮೆಯಿಂದ ನೆಲೆಗೊಂಡ ಮೇಲೆ, ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜಾತಿ, ಜನ್ಮಸ್ಥಳ, ಜನ್ಮದಿನ, ಹಿಂದೆ ಕಲಿತ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ ಇವೆಲ್ಲ ಒಂದೇ ಸಾಲಿನಲ್ಲಿ ಶಾಶ್ವತ ದಾಖಲೆಯಾಗತೊಡಗಿದವು. ನೆಲವುಳ್ಳವನ ಮಗ, ನೆಲವಿಲ್ಲದವನ ಮಗ ಎಂಬ ಭೇದ ಈ ಪುಸ್ತಕಕ್ಕಿಲ್ಲ. ಶಾಲೆಯ ಮೆಟ್ಟಿಲು ಹತ್ತಿದ್ದರೆ ಸಾಕು. ಜನ್ಮದಿನದ ಅಂಕಣವನ್ನು ಮಾತ್ರ ನಂಬಬಾರದು. ತಂದೆ ಹೇಳಲಾರದ ತೇದಿಯನ್ನು ಮಾಸ್ತರರು ಜೂನ್ 1 ಎಂದು ಬರೆದುಕೊಂಡ ಕಾರಣ, ಈ ನಾಡಿನ ಅರ್ಧ ಜನ ಅದೇ ದಿನ ಹುಟ್ಟಿದಂತೆ ಕಾಣುತ್ತದೆ. ‘ಬಿಟ್ಟ ಕಾರಣ’ದ ಅಂಕಣವು ಹೆಚ್ಚು ಪ್ರಾಮಾಣಿಕ. ಪರಸ್ಥಳಕ್ಕೆ ಹೋದುದರಿಂದ ಎಂದು ಒಂದೇ ಮನೆತನದ ಮೂರು ಮಕ್ಕಳ ಎದುರಿಗೆ ಒಂದೇ ದಿನ ಬರೆದಿದ್ದರೆ, ಆ ದಿನ ಒಂದು ಮನೆಯ ಬಾಗಿಲು ಮುಚ್ಚಿತೆಂದು ತಿಳಿಯಬೇಕು.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಜನ್ಮಸ್ಥಳದ ಅಂಕಣ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. ಆದುದರಿಂದ ಘೋಣಸಗಿಯ ಶಾಲೆಗೆ ಸೇರಿದ ಹಿರಿಯ ಮಗನ ಜನ್ಮಸ್ಥಳದಲ್ಲಿ ಹೊನವಾಡವೆಂದೋ, ಕಾಖಂಡಕಿಯೆಂದೋ, ಜತ್ತವೆಂದೋ ಬರೆದಿದ್ದರೆ, ಅದು ಬಹುತೇಕ ತಾಯಿಯ ತವರೂರು. ಹೆಳವನ ಪುಸ್ತಕ ಬಿಟ್ಟುಬಿಟ್ಟ ತಾಯಿ, ವಾರಸಾ ಪುಸ್ತಕದಲ್ಲಿ ‘ಕೋಂ’ ಎಂಬ ಒಂದಕ್ಷರದ ಹಿಂದೆ ಮರೆಯಾದ ತಾಯಿ, ಶಾಲೆಯ ರಿಜಿಸ್ಟರಿನಲ್ಲಿ ತನ್ನ ಊರಿನ ಹೆಸರಾಗಿ ಕಾಣಿಸಿಕೊಳ್ಳುತ್ತಾಳೆ. ಒಂದು ಸಾಲಿನಲ್ಲಿ ಮೂರು ಊರು: ಅಡ್ಡಹೆಸರಿನಲ್ಲಿ ತಂದೆಯ ಹಿರಿಯರು ಬಿಟ್ಟ ಊರು, ಶಾಲೆಯ ಹೆಸರಿನಲ್ಲಿ ಈಗಿರುವ ಊರು, ಜನ್ಮಸ್ಥಳದಲ್ಲಿ ತಾಯಿಯ ಊರು.

ಭೂಮಿಯ ಕಾಗದಗಳಿಗೆ ಸರಕಾರದ ಕಾವಲಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರ ಸೇರಿದವು. ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ದಫ್ತರಗಳ ಹಳೆಯ ಕಾಗದಗಳ ಛಾಯಾಪ್ರತಿಗಳನ್ನು ತೆಗೆಯಲಾಗುತ್ತಿದೆ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ಕ್ಯಾಥೊಲಿಕ್ ಚರ್ಚುಗಳ ಹಳೆಯ ವಹಿಗಳ ಪ್ರತಿಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ತೆರೆದಿಟ್ಟಿತು. ಹೆಳವರ ಪುಸ್ತಕಗಳು ಅವರವರ ಮನೆಯ ಗಂಟಿನಲ್ಲಿವೆ. ಕಲಿತ ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಆ ಗಂಟನ್ನು ಬಿಚ್ಚಿ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹೆಳವನು ಬಾಗಿಲಿಗೆ ಬಂದಾಗ ಹೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳುವುದು, ಸಾಧ್ಯವಾದರೆ ಅವನ ಅಪ್ಪಣೆ ಪಡೆದು ಪುಟಗಳ ಛಾಯಾಚಿತ್ರ ತೆಗೆದುಕೊಂಡು ತಕ್ಕ ಕಾಣಿಕೆ ಕೊಡುವುದು, ಯಾವ ಮನೆಗೂ ಭಾರವಾಗದ ಕೆಲಸ. ಶಾಲೆಗಳ ಹಳೆಯ ರಿಜಿಸ್ಟರುಗಳು ಆಯಾ ಶಾಲೆಯ ಕಪಾಟಿನಲ್ಲಿವೆ. ಗೆದ್ದಲಿಗೂ ಸೋರುವ ಮಾಳಿಗೆಗೂ ಅವುಗಳನ್ನು ಬಿಟ್ಟುಕೊಡದಿರುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಒಂದು ಕಬ್ಬಿಣದ ಕಪಾಟಿಗೆ, ಪುಟಗಳ ಪ್ರತಿ ತೆಗೆಸುವ ವೆಚ್ಚಕ್ಕೆ ದಾನಿಗಳ ನೆರವು ಸಾಕಾಗುತ್ತದೆ.

ಈಚಿನ ರಿಜಿಸ್ಟರುಗಳ ಜನ್ಮಸ್ಥಳದ ಅಂಕಣದಲ್ಲಿ ಒಂದು ಬದಲಾವಣೆ ಎದ್ದು ಕಾಣುತ್ತದೆ. ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗತೊಡಗಿದ ಮೇಲೆ ಹೊನವಾಡ, ಕಾಖಂಡಕಿ, ಜತ್ತಗಳು ಅಲ್ಲಿಂದ ಮರೆಯಾಗಿ, ಸಾಲು ಸಾಲಾಗಿ ‘ವಿಜಯಪುರ’ ಎಂಬ ಒಂದೇ ಹೆಸರು ಬರುತ್ತಿದೆ. ತಾಯಂದಿರಿಗೂ ಕೂಸುಗಳಿಗೂ ಇದು ಒಳಿತನ್ನೇ ತಂದಿದೆ. ತಾಯಿಯ ಹೆಸರಿನ ಅಂಕಣವೂ ಈಗ ಸೇರಿದೆ. ಅವಳ ತವರೂರನ್ನು ಬರೆಯಲು ಅಂಕಣವಿಲ್ಲ. ಶಾಲೆಗೆ ಸೇರಿಸಲು ಬಂದ ತಾಯಿಯನ್ನು ಕೇಳಿ, ಷರಾದ ಜಾಗದಲ್ಲಿ ಆ ಒಂದು ಊರ ಹೆಸರನ್ನು ಬರೆದುಕೊಳ್ಳಲು ಗುಮಾಸ್ತರಿಗೆ ಅರ್ಧ ನಿಮಿಷ ಹಿಡಿದೀತು.